ತೌಡು ಕೊಟ್ಟಿಗೆಗೆ, ಬಿಳಿ ಅನ್ನ ನಮಗೆ: ಈ ಲೆಕ್ಕ ಸರಿಯೇ?



ನಿಮ್ಮ ಸೀಮೆ ಹಸುವಿಗೆ ದಿನಕ್ಕೆ ಎಷ್ಟು ಫೀಡ್ಸ್ ಹಾಕುತ್ತೀರಿ ಎಂದು ಯಾರಾದರೂ ಕೇಳಿದರೆ ನೀವು ತಡವರಿಸುವುದಿಲ್ಲ. ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ, ಗಬ್ಬದ ಹಸುವಾದರೆ ಏಳನೇ ತಿಂಗಳಿಂದ ಇನ್ನೊಂದು ಕೆಜಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಇದನ್ನು ನಿಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ, ನೀವು ಪಾಲಿಸುತ್ತಲೂ ಇದ್ದೀರಿ. ಒಂದು ದಿನ ಕಡಿಮೆ ಹಾಕಿದರೆ ಮರುದಿನ ಡೈರಿಯ ತಕ್ಕಡಿ, ಫ್ಯಾಟು, ಎಸ್‌ಎನ್‌ಎಫ್ ಎಲ್ಲವೂ ಹೇಳಿಬಿಡುತ್ತವೆ.

ಈಗ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸೋಣ. ನಿನ್ನೆ ನೀವು ಏನು ತಿಂದಿರಿ? ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಒಂದು ಲೋಟ ಟೀ. ಎಲ್ಲರೂ ತಿಂದ ಮೇಲೆ ತಳದಲ್ಲಿ ಉಳಿದ ಚಿತ್ರಾನ್ನ. ಮಧ್ಯಾಹ್ನ ಅನ್ನ, ತಿಳಿಸಾರು. ರಾತ್ರಿ ಮುದ್ದೆ ಮಿಕ್ಕಿದ್ದರೆ ಮುದ್ದೆ, ಇಲ್ಲದಿದ್ದರೆ ಮತ್ತೆ ಅನ್ನವೇ. ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ ಏಳನೇ ತಿಂಗಳಿಂದ ಅವಳ ತಟ್ಟೆಗೆ ಏನು ಹೆಚ್ಚಿಗೆ ಬೀಳಬೇಕು ಎಂಬ ಲೆಕ್ಕ ಹಸುವಿನ ಲೆಕ್ಕದಷ್ಟು ಖಚಿತವಾಗಿ ನಮ್ಮ ಬಾಯಲ್ಲಿ ಬರುವುದಿಲ್ಲ. ನಮ್ಮನ್ನು ಅಳೆಯುವ ತಕ್ಕಡಿ ಯಾವ ಡೈರಿಯಲ್ಲೂ ಇಲ್ಲವಲ್ಲ.

ಅಳೆದವರು ಇಲ್ಲದೆ ಇಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ನಮ್ಮ ಒಂದು ಮಹಿಳಾ ಸಂಘದಲ್ಲಿ ಎಂಬತ್ತು ಸದಸ್ಯರಿದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನಲವತ್ತು ಜನಕ್ಕೆ ಮೆಟ್ಟಿಲು ಹತ್ತಿದರೆ ಏದುಸಿರು, ಹುಲ್ಲಿನ ಹೊರೆ ಹೊತ್ತು ಬಂದರೆ ಕಣ್ಣು ಕತ್ತಲೆ. ಹಸುವಿಗೆ ಹೀಗಾಗಿದ್ದರೆ ಆ ಸಂಜೆಯೇ ಡಾಕ್ಟರಿಗೆ ಫೋನು ಹೋಗುತ್ತಿತ್ತು.

ಇಷ್ಟು ಹೇಳಿ ನಾನು ಬರುವುದು ತೌಡಿನ ವಿಷಯಕ್ಕೆ. ಧಾನ್ಯದಲ್ಲಿ ಸತ್ವ ಹೆಚ್ಚಿರುವ ಭಾಗವನ್ನು ನಾವು ದಿನವೂ ನಮ್ಮ ಕೈಯಾರೆ ಬೇರ್ಪಡಿಸಿ ಕೊಟ್ಟಿಗೆಗೆ ಕಳಿಸುತ್ತಿದ್ದೇವೆ, ಉಳಿದ ಹಿಟ್ಟಿನಂಶವನ್ನು ಬೆಳ್ಳಗಿದೆ ಎಂಬ ಕಾರಣಕ್ಕೆ ನಾವು ತಿನ್ನುತ್ತಿದ್ದೇವೆ. ಹಸುವಿನ ಬಾಯಿಂದ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಹಂಚಿಕೆ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಕಾರಣಗಳಿವೆ.

ಮೊದಲು ಕಲಗಚ್ಚಿನ ಬಕೆಟ್ಟು ನೋಡಿ. ಅಕ್ಕಿಯನ್ನು ಮೂರು ಸಲ ತೊಳೆದ ನೀರು ಅದರೊಳಗೆ. ಅನ್ನ ಬಸಿದ ಗಂಜಿ ಅದರೊಳಗೆ. ಗೋದಿ ಹಿಟ್ಟು ಜರಡಿ ಹಿಡಿದಾಗ ಮೇಲೆ ನಿಂತ ತರಿ, ರಾಗಿ ಹಿಟ್ಟಿನ ಜರಡಿಯ ಉಳಿಕೆ, ಅದರ ಮೇಲೆ ಎರಡು ಬೊಗಸೆ ತೌಡು, ಒಂದು ಹಿಡಿ ಉಪ್ಪು. ಹಸು ಕಣ್ಣುಮುಚ್ಚಿ ಸೊರ್ ಎಂದು ಹೀರುತ್ತದೆ. ಹೀರದೆ ಏನು ಮಾಡುತ್ತದೆ? ಅಡುಗೆಮನೆಯ ಒಳ್ಳೆಯದರಲ್ಲಿ ಬಹುಪಾಲು ಆ ಬಕೆಟ್ಟಿನಲ್ಲಿದೆ.

ಭತ್ತದ ಹೊರಗಿನ ಗರಗಸದಂಥ ಕವಚ ಉಮಿ. ಅದು ತಿನ್ನುವುದಕ್ಕಲ್ಲ, ಹಸುವಿಗೂ ಒಳ್ಳೆಯದಲ್ಲ. ಅದನ್ನು ತೆಗೆದರೆ ಒಳಗೆ ಕಂದು ಬಣ್ಣದ ತೆಳು ಪೊರೆ ಹೊದ್ದ ಅಕ್ಕಿ, ತುದಿಯಲ್ಲಿ ಮೊಳಕೆ ಒಡೆಯುವ ಕಣ್ಣು. ಈ ಪೊರೆ, ಈ ಕಣ್ಣು ಸೇರಿದ್ದೇ ತೌಡು. ಅದರಲ್ಲಿ ನೂರಕ್ಕೆ 12ರಿಂದ 15 ಭಾಗ ಪ್ರೋಟೀನು, 15ರಿಂದ 20 ಭಾಗ ಎಣ್ಣೆ, ಜೊತೆಗೆ ನಾರು, ಬಿ ಗುಂಪಿನ ವಿಟಮಿನ್ನುಗಳು, ಕಬ್ಬಿಣ, ಮೆಗ್ನೀಸಿಯಂ. ಒಳಗಿನ ಬಿಳಿ ಭಾಗದಲ್ಲಿ ಇರುವುದು ಬಹುಮಟ್ಟಿಗೆ ಪಿಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ನೋಡಿದರೆ, ಪೊರೆ ಇರುವ ಕಂದು ಅಕ್ಕಿಯಲ್ಲಿ ಥಯಾಮಿನ್ ಎಂಬ ಬಿ-1 ವಿಟಮಿನ್ ಬಿಳಿ ಅಕ್ಕಿಯಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಇದೆ.

ಎಣ್ಣೆಯ ವಿಷಯ ಇನ್ನೂ ತಮಾಷೆ. ಗಿರಣಿಯ ತೌಡನ್ನು ಕಾರ್ಖಾನೆಯವರು ಕೊಂಡು ಎಣ್ಣೆ ತೆಗೆಯುತ್ತಾರೆ. ಎಣ್ಣೆ ಹೃದಯಕ್ಕೆ ಒಳ್ಳೆಯದು ಎಂಬ ಚೀಟಿ ಹೊತ್ತು ರೈಸ್ ಬ್ರಾನ್ ಆಯಿಲ್ ಆಗಿ ತುಮಕೂರಿನ ಅಂಗಡಿಗೆ ಬರುತ್ತದೆ. ಎಣ್ಣೆ ತೆಗೆದ ತೌಡು ಪಶು ಆಹಾರ ಘಟಕಕ್ಕೆ ಹೋಗುತ್ತದೆ. ಗುಬ್ಬಿಯಲ್ಲೇ ಕೆಎಂಎಫ್‌ನ ಪಶು ಆಹಾರ ಘಟಕವಿದೆ, ಅಲ್ಲಿಂದ ಬರುವ ಮೂಟೆಯ ಮೇಲಿನ ಪಟ್ಟಿ ನೀವು ಓದಿರುತ್ತೀರಿ. ಅಂದರೆ ನಮ್ಮ ಭತ್ತದ ತೌಡಿನಲ್ಲಿ ಒಂದು ಪಾಲನ್ನು ಹಸುವಿಗೆಂದು ದುಡ್ಡು ಕೊಟ್ಟು ತರುತ್ತೇವೆ, ಇನ್ನೊಂದು ಪಾಲನ್ನು ಒಗ್ಗರಣೆಗೆಂದು ದುಡ್ಡು ಕೊಟ್ಟು ತರುತ್ತೇವೆ.

ಕುಣಿಗಲ್ ಕಡೆಯ ಅಕ್ಕಂದಿರಿಗೆ ಇದು ಇನ್ನೂ ಹತ್ತಿರದ ಮಾತು. ದೊಡ್ಡಕೆರೆಯ ಕೆಳಗೆ, ಮಾರ್ಕೋನಹಳ್ಳಿ ಜಲಾಶಯದ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳಲ್ಲಿ ಊಟದ ಅಕ್ಕಿ ಸ್ವಂತದ್ದು. ಒಂದು ಲೆಕ್ಕ ಹಾಕಿ. 100 ಕೆಜಿ ಭತ್ತ ಗಿರಣಿಗೆ ಹೋದರೆ ಸುಮಾರು 20 ಕೆಜಿ ಉಮಿ, 8 ಕೆಜಿ ತೌಡು, ನುಚ್ಚೂ ಸೇರಿ 70 ಕೆಜಿ ಆಸುಪಾಸಿನ ಅಕ್ಕಿ. ದಿನಕ್ಕೆ 8 ಲೀಟರ್ ಕೊಡುವ ಒಂದು ಹಸುವಿಗೆ ಮೇಲೆ ಹೇಳಿದ ಲೆಕ್ಕದಲ್ಲಿ 4 ಕೆಜಿ 700 ಗ್ರಾಂ ಆಹಾರ ಬೇಕು. ಆ 8 ಕೆಜಿ ತೌಡನ್ನೇ ಪೂರ್ತಿ ಸುರಿದರೂ ತೂಕದ ಲೆಕ್ಕಕ್ಕೆ ಎರಡು ದಿನ ತುಂಬುವುದಿಲ್ಲ. ಆದರೆ ಅದೇ 70 ಕೆಜಿ ಅಕ್ಕಿ, ದಿನಕ್ಕೆ ಒಂದೂವರೆ ಕೆಜಿ ಬೇಯಿಸುವ ಐದು ಜನರ ಮನೆಗೆ ಒಂದೂವರೆ ತಿಂಗಳ ಊಟ. ಹಸುವಿಗೆ ಎರಡು ದಿನಕ್ಕೂ ಸಾಲದ ತೌಡಿಗಾಗಿ ಐದು ಜನ ಒಂದೂವರೆ ತಿಂಗಳು ಬರೀ ಪಿಷ್ಟ ತಿನ್ನುತ್ತಾರೆ.

ಅರ್ಧ ಪಾಲಿಶ್ ಮಾಡಿಸಿದರೆ ಕೊಟ್ಟಿಗೆಗೆ ಆಗುವ ನಷ್ಟ ನಾಲ್ಕು ಕೆಜಿ. ಒಂದು ದಿನದ ಆಹಾರಕ್ಕಿಂತ ಕಡಿಮೆ. ಅದನ್ನು ಫೀಡ್ಸ್ ಮೂಟೆಯಿಂದ ತುಂಬಬಹುದು. ನಮಗೆ ಅಂಥ ಮೂಟೆ ಎಲ್ಲಿದೆ?

ತೌಡನ್ನು ನಾವು ಕಡೆಗಣಿಸಿದ್ದಕ್ಕೆ ನಮ್ಮ ಭಾಷೆಯೂ ಸಾಕ್ಷಿ. ಕೆಲಸಕ್ಕೆ ಬಾರದ ಮಾತು ಆಡಿದರೆ ತೌಡು ಕುಟ್ಟಬೇಡ ಎನ್ನುತ್ತೇವೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು ಎಂಬ ಕಾರಣಕ್ಕೆ ರಾಜ್ಯವೆಲ್ಲ ಗಲಾಟೆಯಾಗಿ ಅವರ ಮಂತ್ರಿ ಪದವಿಯೇ ಹೋಯಿತು. ಆ ಜಗಳದ ಸರಿತಪ್ಪು ಬೇರೆ ಮಾತು. ಬೂಸಾ ಎಂದರೆ ಬೆಲೆಯಿಲ್ಲದ್ದು ಎಂದು ಎರಡೂ ಕಡೆಯವರು ಒಪ್ಪಿಕೊಂಡೇ ಜಗಳವಾಡಿದರಲ್ಲ, ಅದು ನನಗೆ ಸೋಜಿಗ. ಹಸು ಕಟ್ಟಿದ ಹೆಂಗಸನ್ನು ಯಾರೂ ಕೇಳಲಿಲ್ಲ.

ಬಿಳಿ ಅಕ್ಕಿ ಏನು ಮಾಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದು ಕೋಳಿಗಳು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗಕ್ಕೆ ಕಾರಣ ಹುಡುಕುತ್ತಿದ್ದ. ಕಾಲು ಸೋತು, ಮೈ ಊದಿ ಜನ ಸಾಯುತ್ತಿದ್ದ ರೋಗ ಅದು. ಆತನ ಪ್ರಯೋಗಶಾಲೆಯ ಕೋಳಿಗಳಿಗೆ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರು. ಕೋಳಿಗಳು ಕಾಲು ಸೋತು ಬಿದ್ದವು. ಆಮೇಲೆ ಬಂದ ಹೊಸ ಅಡುಗೆಯವನು ಸಿಪಾಯಿಗಳ ಅನ್ನ ಕೋಳಿಗೆ ಕೊಡುವುದಿಲ್ಲ ಎಂದುಬಿಟ್ಟ. ಅಗ್ಗದ, ಪಾಲಿಶ್ ಮಾಡದ ಅಕ್ಕಿ ಹಾಕತೊಡಗಿದರು, ಕೋಳಿಗಳು ಎದ್ದು ಓಡಾಡಿದವು. ಆ ಜಿಪುಣ ಅಡುಗೆಯವನಿಂದಲೇ ಗುಟ್ಟು ಬಯಲಾಯಿತು ಅನ್ನಬೇಕು. ಈ ದಾರಿಯಲ್ಲೇ ಮುಂದೆ ವಿಟಮಿನ್ ಎಂಬುದು ಪತ್ತೆಯಾಯಿತು, ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

ನಮ್ಮಲ್ಲಿ ಈಗ ಏನಾಗಿದೆ? ಪಾಲಿಶ್ ಹೊಡೆದು ತೆಗೆದ ಸತ್ವವನ್ನು ಸರ್ಕಾರ ಹಿಂದಿನ ಬಾಗಿಲಿಂದ ಮತ್ತೆ ಸೇರಿಸತೊಡಗಿತು. ನ್ಯಾಯಬೆಲೆ ಅಂಗಡಿಯ ಅಂಥ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕಾಳುಗಳಿರುತ್ತವೆ, ಕೆಲವರು ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಬಿಸಾಡುತ್ತಾರೆ. ಅವು ಪ್ಲಾಸ್ಟಿಕ್ಕಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿದ ಸಾರವರ್ಧಿತ ಅಕ್ಕಿ. ದಯವಿಟ್ಟು ಬಿಸಾಡಬೇಡಿ. ಆದರೆ ಈ ಸುತ್ತುಬಳಸು ನೋಡಿ: ಗಿರಣಿಯಲ್ಲಿ ಉಜ್ಜಿ ತೆಗೆಯುವುದು, ಕಾರ್ಖಾನೆಯಲ್ಲಿ ಒತ್ತಿ ಸೇರಿಸುವುದು.

ರಾಗಿಯ ವಿಷಯದಲ್ಲಿ ನಾವು ಪುಣ್ಯವಂತರು. ರಾಗಿ ಕಾಳು ಸಣ್ಣದು, ಒಳಭಾಗ ಮೆತ್ತಗೆ, ಸಿಪ್ಪೆ ಅದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅಕ್ಕಿಯ ಹಾಗೆ ಸುಲಭವಾಗಿ ಉಜ್ಜಿ ಬಿಳಿ ಮಾಡಲು ಬರುವುದಿಲ್ಲ. ಹಾಗಾಗಿ ಬೀಸಿದರೆ ಸಿಪ್ಪೆಯೂ ಹಿಟ್ಟಾಗುತ್ತದೆ, ಮುದ್ದೆಯೊಳಗೆ ತೌಡು ತಾನಾಗಿಯೇ ಬಂದುಬಿಡುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರ ದೊಡ್ಡ ಪಾಲು ಇರುವುದು ಆ ಕೆಂಪು ಸಿಪ್ಪೆಯಲ್ಲಿ. ಹಾಲಿನ ಪತ್ರಿಕೆಯಲ್ಲಿ ಇದನ್ನು ಹೇಳಬಾರದೇನೋ, ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಅದರ ಮೂರನೇ ಒಂದು ಪಾಲು. (ಹಾಲಿನ ಕ್ಯಾಲ್ಸಿಯಂ ಮೈಗೆ ಹೆಚ್ಚು ಸುಲಭವಾಗಿ ಹತ್ತುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಡೈರಿಗೆ ಹಾಕುವ ಮೊದಲು ಒಂದು ಲೋಟ ಮನೆಗೆ ಇಟ್ಟುಕೊಳ್ಳಿ.)

ಇಂಥ ರಾಗಿಯನ್ನೂ ಕೆಡಿಸುವ ದಾರಿ ಹುಡುಕಿದ್ದೇವೆ. ಮುದ್ದೆ ನುಣ್ಣಗೆ ಬರಲಿ ಎಂದು ಸಣ್ಣ ಕಣ್ಣಿನ ಜರಡಿ ಹಿಡಿಯುತ್ತೇವೆ. ಅಂಗಡಿಯಲ್ಲಿ ಪ್ಯಾಕೆಟ್ಟಿನ ಹಿಟ್ಟು ಬೆಳ್ಳಗಿದ್ದಷ್ಟೂ ಒಳ್ಳೆಯದು ಎನ್ನುತ್ತೇವೆ. ಆರು ತಿಂಗಳ ಮಗುವಿನ ರಾಗಿ ಸರಿಗೆ ಬಟ್ಟೆಯಲ್ಲಿ ಸೋಸುವುದು ಬೇರೆ, ಮಗುವಿನ ಕರುಳು ಎಳೆಯದು, ಅದು ಬೇಕು. ಗದ್ದೆ ತೋಟ ಸುತ್ತುವ ದೊಡ್ಡವರ ಮುದ್ದೆಗೆ ಯಾಕೆ? ಸಿರಿಧಾನ್ಯದ ಕಥೆ ಇನ್ನೂ ಕೆಟ್ಟದು. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು, ನಮ್ಮ ಜಿಲ್ಲೆಯ ನವಣೆ, ಸಾಮೆ, ಕೊರಲೆಗೆ ಬೆಲೆ ಬಂತು. ಸಂತೋಷ. ಆದರೆ ಮುತ್ತಿನ ಹಾಗೆ ಹೊಳೆಯುವ ಸಾಮೆ ಅಕ್ಕಿ ಕಂಡರೆ ಕೈಗೆತ್ತಿಕೊಳ್ಳಬೇಡಿ. ಅದರ ಸಿರಿಯೆಲ್ಲ ತೌಡಿನ ಜೊತೆ ಹೋಗಿದೆ, ಹೆಸರು ಮಾತ್ರ ಉಳಿದಿದೆ. ಸ್ವಲ್ಪ ಮಬ್ಬಾಗಿ, ಹಳದಿ ಇಲ್ಲವೇ ಬೂದು ಛಾಯೆಯಲ್ಲಿ ಇರುವುದನ್ನು ಕೇಳಿ ತನ್ನಿ.

ನಮ್ಮ ಅಜ್ಜಿಯಂದಿರು ಒನಕೆಯಲ್ಲಿ ಕುಟ್ಟಿದ ಅಕ್ಕಿ ತಿಂದು ಗಟ್ಟಿಮುಟ್ಟಾಗಿದ್ದರು, ಮತ್ತೆ ಒನಕೆ ಹಿಡಿಯಿರಿ ಎಂದು ಉಪದೇಶ ಮಾಡುವವರಿದ್ದಾರೆ. ನಾನು ಆ ಗುಂಪಿನವಳಲ್ಲ. ಕೊಟ್ಟಣ ಕುಟ್ಟುವುದು ಹೆಂಗಸರ ರಟ್ಟೆ, ಬೆನ್ನು, ಬಾಣಂತನದ ಆರೈಕೆ ಎಲ್ಲವನ್ನೂ ತಿಂದ ಕೆಲಸ. ಗಿರಣಿ ಬಂದಿದ್ದು ಒಳ್ಳೆಯದೇ ಆಯಿತು. ಒನಕೆಯ ಶ್ರಮದ ಜೊತೆ ಅಕ್ಕಿಯ ಸತ್ವವೂ ಹೊರಟುಹೋಯಿತು, ಅದನ್ನು ಗಿರಣಿಯಲ್ಲೇ ಉಳಿಸಿಕೊಳ್ಳಬಹುದು. ಗಿರಣಿಯವರಿಗೆ ಸಿಂಗಲ್ ಪಾಲಿಶ್ ಎಂದರೆ ಗೊತ್ತು. ಭತ್ತ ಹಾಕಿಸುವಾಗ ಪಕ್ಕದಲ್ಲಿ ನಿಂತು ಹೇಳಬೇಕು, ಅಷ್ಟೆ. ಯಾಕೆ ನಿಲ್ಲಬೇಕು ಎಂದರೆ, ಕೆಲವು ಕಡೆ ಗಿರಣಿಯವರು ಕೂಲಿಯ ಬದಲು ತೌಡನ್ನೇ ಇಟ್ಟುಕೊಳ್ಳುತ್ತಾರೆ. ಅಕ್ಕಿ ಬೆಳ್ಳಗಾದಷ್ಟೂ ಅವರ ತೌಡು ಹೆಚ್ಚು. ಅಲ್ಲಿ ಕೂಲಿಯನ್ನು ದುಡ್ಡಿನಲ್ಲಿ ಕೊಟ್ಟುಬಿಡಿ, ತೌಡು ನಿಮ್ಮದೇ ಆಗಿರಲಿ.

ಅರ್ಧ ಪಾಲಿಶ್ ಅಕ್ಕಿಗೆ ಒಂದೆರಡು ಕಟ್ಟಳೆಗಳಿವೆ. ಪೊರೆಯಲ್ಲಿ ಎಣ್ಣೆ ಇರುವುದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ, ಹುಳವೂ ಬೇಗ ಬೀಳುತ್ತದೆ. ವರ್ಷಕ್ಕಾಗುವಷ್ಟು ಒಟ್ಟಿಗೆ ಹಾಕಿಸದೆ ಭತ್ತವಾಗಿಯೇ ಇಟ್ಟು ತಿಂಗಳಿಗೊಮ್ಮೆ ಹಾಕಿಸಿ. ಬೇಯಲು ಹೊತ್ತು ಹೆಚ್ಚು, ಒಂದು ಗಂಟೆ ನೆನೆಸಿದರೆ ಗ್ಯಾಸು ಉಳಿಯುತ್ತದೆ. ನೀರು ಅರ್ಧ ಲೋಟ ಹೆಚ್ಚಿಗೆ. ಯಾವ ಅಕ್ಕಿಯಾದರೂ ಉಜ್ಜಿ ಉಜ್ಜಿ ನಾಲ್ಕು ಸಲ ತೊಳೆಯಬೇಡಿ, ಬಸಿದು ಗಂಜಿ ಚೆಲ್ಲಬೇಡಿ. ನೆನೆಸಿದ ನೀರಿನಲ್ಲೇ ಬೇಯಿಸಿ. ಬಸಿದೇ ಅಭ್ಯಾಸವಿದ್ದವರು ಆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ನೀವೇ ಕುಡಿಯಿರಿ. ಕಲಗಚ್ಚು ಸ್ವಲ್ಪ ತೆಳ್ಳಗಾದೀತು, ಹಸು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ತೌಡನ್ನೇ ಅಡುಗೆಗೆ ಬಳಸುವ ಮಾತು. ಇದನ್ನು ಹೇಳುವ ಮೊದಲು ಒಂದು ಎಚ್ಚರಿಕೆ, ಇದು ಗಟ್ಟಿಯಾಗಿ ನೆನಪಿರಲಿ: ಕೊಟ್ಟಿಗೆಯಲ್ಲಿರುವ ತೌಡಿನ ಮೂಟೆ, ಬೂಸಾ ಮೂಟೆ, ಫೀಡ್ಸ್ ಮೂಟೆ ಯಾವುದೂ ಮನುಷ್ಯರ ಬಾಯಿಗಲ್ಲ. ಫೀಡ್ಸಿನಲ್ಲಿ ಯೂರಿಯಾ ಸೇರಿರಬಹುದು, ಅದು ಹಸುವಿನ ಹೊಟ್ಟೆಗೆ ಒಗ್ಗುತ್ತದೆ, ನಮಗಲ್ಲ. ಮಾರುಕಟ್ಟೆಯ ಹಸುವಿನ ತೌಡಿನಲ್ಲಿ ಉಮಿ, ಮಣ್ಣು ಸೇರಿರುವುದುಂಟು. ಮೂಟೆ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅಂಥದ್ದನ್ನು ಹಸುವಿಗೂ ಹಾಕಬಾರದು, ಹಾಲಿನ ಮೂಲಕ ಆ ವಿಷ ನಿಮ್ಮ ಮಗುವಿನ ಲೋಟಕ್ಕೇ ಬರುತ್ತದೆ.

ಅಡುಗೆಗೆ ಬೇಕಾದ್ದು ನಿಮ್ಮದೇ ಭತ್ತದ, ಅದೇ ದಿನ ಗಿರಣಿಯಿಂದ ಬಂದ ತೌಡು. ಅದೂ ಉಮಿ ಬೇರೆ, ತೌಡು ಬೇರೆ ಬರುವ ಹೊಸ ಥರದ ಗಿರಣಿಯದ್ದು. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಎರಡೂ ಕಲಸಿ ಪುಡಿಯಾಗಿ ಬರುತ್ತದೆ, ಅದು ಗಂಟಲಿಗೆ ಚುಚ್ಚುತ್ತದೆ, ಬೇಡ. ಔಷಧಿ ಹೊಡೆದ ಬೆಳೆಯಲ್ಲಿ ಅದರ ಶೇಷ ಉಳಿಯುವುದೂ ಹೊರ ಪೊರೆಯಲ್ಲೇ. ಹಾಗಾಗಿ ಮನೆ ಊಟಕ್ಕೆಂದು ಔಷಧಿಯಿಲ್ಲದೆ ಬೆಳೆದ ಒಂದೆರಡು ಮಡಿಯ ಭತ್ತವಿದ್ದರೆ ಅದರ ತೌಡೇ ಉತ್ತಮ.

ತಂದ ತೌಡನ್ನು ನಾಳೆಗೆ ಇಡಬೇಡಿ. ಕಾಳಿನಿಂದ ಬೇರ್ಪಟ್ಟ ಗಂಟೆಗಳಲ್ಲೇ ಅದರ ಎಣ್ಣೆ ಕೆಡತೊಡಗುತ್ತದೆ, ಎರಡು ದಿನಕ್ಕೆ ಕಹಿಯಾಗುತ್ತದೆ. ಅದನ್ನು ತಡೆಯುವುದು ಬಿಸಿ. ಸಣ್ಣ ಜರಡಿ ಹಿಡಿದು ನುಚ್ಚು, ಉಮಿ ತೆಗೆದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಹತ್ತು ಹನ್ನೆರಡು ನಿಮಿಷಕ್ಕೆ ಹಸಿ ವಾಸನೆ ಹೋಗಿ ಹುರಿಗಡಲೆ ಹಿಟ್ಟಿನ ಹಾಗೆ ಘಮ ಬರುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ. ಫ್ರಿಜ್ಜಿದ್ದರೆ ಅದರಲ್ಲಿ, ಇಲ್ಲವಾದರೆ ಒಂದು ವಾರದೊಳಗೆ ಮುಗಿಸುವಷ್ಟೇ ಹುರಿಯಿರಿ. ಮೂಸಿ ನೋಡಿ ಹಳೇ ಎಣ್ಣೆಯ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿ.

ಹುರಿದ ತೌಡು ನಮ್ಮ ಅಡುಗೆಯಲ್ಲಿ ಎಲ್ಲಿ ಬೇಕಾದರೂ ಅಡಗಿ ಕೂರುತ್ತದೆ. ಅಕ್ಕಿರೊಟ್ಟಿಯ ಹಿಟ್ಟಿಗೆ, ರಾಗಿರೊಟ್ಟಿಗೆ, ಒಂದು ಪಾವಿಗೆ ಎರಡು ಚಮಚ. ದೋಸೆ ಹಿಟ್ಟಿಗೆ ಹಿಂದಿನ ರಾತ್ರಿಯೇ ಒಂದು ಹಿಡಿ ಸೇರಿಸಿ ಹುದುಗಲು ಬಿಟ್ಟರೆ ಬಣ್ಣ ಕೊಂಚ ಕೆಂಪು, ರುಚಿ ಹೆಚ್ಚು. ಬಸ್ಸಾರಿನ ಕಾರಕ್ಕೆ ಒಂದು ಚಮಚ ಹಾಕಿ ರುಬ್ಬಿದರೆ ಸಾರು ಗಟ್ಟಿ ಬರುತ್ತದೆ. ಗುಬ್ಬಿ ಸೀಮೆಯವರಿಗೆ ನನ್ನ ಶಿಫಾರಸು ಚಟ್ನಿಪುಡಿ. ಹುಚ್ಚೆಳ್ಳು, ಹುರಿದ ತೌಡು ಸಮಸಮ, ಒಣ ಕೊಬ್ಬರಿ ಅದರ ಅರ್ಧ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು. ಹುಚ್ಚೆಳ್ಳನ್ನೂ ಬೇರೆಯಾಗಿ ಹುರಿದುಕೊಂಡು ತರಿತರಿ ಪುಡಿ ಮಾಡಿ. ಬಿಸಿ ಮುದ್ದೆಗೂ ಸೈ, ರೊಟ್ಟಿಗೂ ಸೈ. ಮಕ್ಕಳಿಗಾದರೆ ಎಳ್ಳು, ಕಡಲೆಬೀಜ, ಬೆಲ್ಲದ ಪಾಕಕ್ಕೆ ತೌಡು ಸೇರಿಸಿ ಉಂಡೆ. ಪಕ್ಕದ ಕೇರಳದಲ್ಲಿ ತವಿಡು ಹಾಕಿದ ಅಡೆ ಮಾಡುವುದುಂಟು, ಜಪಾನಿನವರು ತರಕಾರಿಯನ್ನು ತೌಡಿನಲ್ಲಿ ಹೂತಿಟ್ಟು ಉಪ್ಪಿನಕಾಯಿ ಮಾಡುತ್ತಾರೆ. ನಾವೇನೂ ಲೋಕದಲ್ಲಿ ಇಲ್ಲದ್ದನ್ನು ಮಾಡುತ್ತಿಲ್ಲ.

ಭತ್ತ ಬೆಳೆಯದ ಮನೆಯವರು ಗೋದಿಯಿಂದ ಶುರು ಮಾಡಬಹುದು. ಗೋದಿ ತಂದು ಬೀಸಿಸಿ, ಹುಳು ಕಲ್ಲು ನೋಡುವಷ್ಟು ದೊಡ್ಡ ಕಣ್ಣಿನ ಜರಡಿ ಸಾಕು. ಮೇಲೆ ನಿಂತ ತರಿಯನ್ನು ಮತ್ತೆ ಹಿಟ್ಟಿಗೇ ಸುರಿಯಿರಿ. ತುಮಕೂರಿನ ದೊಡ್ಡ ಅಂಗಡಿಗಳಲ್ಲಿ ಇದೇ ತರಿಯನ್ನು ಚಂದದ ಪೊಟ್ಟಣದಲ್ಲಿ ವೀಟ್ ಬ್ರಾನ್ ಎಂದು ಮಾರುತ್ತಾರೆ. ಸಕ್ಕರೆ ಕಾಯಿಲೆ ಬಂದ ಪೇಟೆಯ ಜನ ಡಾಕ್ಟರು ಹೇಳಿದರೆಂದು ಕೊಂಡು ತಿನ್ನುತ್ತಾರೆ. ನಮಗೆ ಅದು ಕಾಯಿಲೆ ಬರುವ ಮೊದಲೇ, ಬಿಟ್ಟಿ ಸಿಗುತ್ತಿದೆ.

ತೌಡನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ತೌಡು ತಿಂದ ಮಾತ್ರಕ್ಕೆ ರಕ್ತ ತುಂಬುವುದಿಲ್ಲ. ಅದರಲ್ಲಿ ಕಬ್ಬಿಣ ಇದೆ ನಿಜ, ಆದರೆ ಫೈಟೇಟ್ ಎಂಬ ಒಂದು ಪದಾರ್ಥವೂ ಇದೆ, ಅದು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಹುದುಗು ಬರಿಸಿದರೆ, ರಾಗಿಯನ್ನು ಮೊಳಕೆ ಕಟ್ಟಿದರೆ, ಆ ಹಿಡಿತ ಸಡಿಲವಾಗುತ್ತದೆ. ರಾತ್ರಿಯಿಡೀ ಹುಳಿ ಬಂದ ಅಂಬಲಿ ಕುಡಿಯುತ್ತಿದ್ದ ಹಿರಿಯರಿಗೆ ಫೈಟೇಟಿನ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ, ಹಸಿ ಟೊಮೆಟೊ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಹತ್ತುವುದಿಲ್ಲ, ಕನಿಷ್ಠ ಒಂದು ಗಂಟೆ ಬಿಡಿ. ನಮ್ಮಲ್ಲಿ ಹಾಲು ಕರೆದ ಹೆಂಗಸರಿಗೆ ಟೀಯೇ ತಿಂಡಿಯಾಗಿಬಿಟ್ಟಿದೆ, ತೌಡಿಗಿಂತ ಮೊದಲು ಸರಿಪಡಿಸಬೇಕಾದದ್ದು ಅದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ತೌಡಿದೆ ಎಂದು ನಿಲ್ಲಿಸಬೇಡಿ. ಸೊಪ್ಪು, ಕಾಳು, ಮೊಟ್ಟೆ ಇವಕ್ಕೂ ತೌಡು ಬದಲಿಯಲ್ಲ.

ಹಾಗಾದರೆ ತೌಡ್ಯಾಕೆ? ಬಿ ವಿಟಮಿನ್ನಿಗೆ, ಮಲಬದ್ಧತೆ ಹೋಗಿಸುವ ನಾರಿಗೆ, ಊಟದ ನಂತರ ಸಕ್ಕರೆ ಸರ್ರನೆ ಏರದ ಹಾಗೆ ನೋಡಿಕೊಳ್ಳುವುದಕ್ಕೆ. ಇಷ್ಟು ಸಾಕಾದ ಕಾರಣ. ಮೊದಲ ವಾರ ದಿನಕ್ಕೆ ಒಂದು ಚಮಚಕ್ಕಿಂತ ಹೆಚ್ಚು ಬೇಡ, ಹೊಟ್ಟೆ ಉಬ್ಬರಿಸುತ್ತದೆ. ನೀರು ಹೆಚ್ಚು ಕುಡಿಯಬೇಕು. ಕಿಡ್ನಿ ತೊಂದರೆ, ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ.

ಮನೆಯಲ್ಲಿ ಒಪ್ಪುವುದಿಲ್ಲ ಎನ್ನುತ್ತೀರಿ, ಗೊತ್ತು. ಅನ್ನ ಕೆಂಪಗಿದ್ದರೆ ನೆಂಟರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಬರಗಾಲದಲ್ಲಿ ತೌಡು ತಿಂದ ದಿನಗಳನ್ನು ಕಂಡ ಹಿರಿಯರಿಗಂತೂ ಅದು ಬಡತನದ ಗುರುತು. ಮಗ ತಟ್ಟೆ ತಳ್ಳುತ್ತಾನೆ. ಹಾಗಾಗಿ ಒಂದೇ ದಿನ ಕ್ರಾಂತಿ ಬೇಡ. ಬಿಳಿ ಅಕ್ಕಿ ಮುಕ್ಕಾಲು, ಸಿಂಗಲ್ ಪಾಲಿಶ್ ಕಾಲು ಭಾಗ ಬೆರೆಸಿ ಒಂದು ತಿಂಗಳು ನಡೆಸಿ, ಆಮೇಲೆ ಅರ್ಧ. ಹಬ್ಬಕ್ಕೆ, ನೆಂಟರಿಗೆ ಬಿಳಿ ಅನ್ನವೇ ಇರಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ನಾನು ಕೈಹಾಕುವುದಿಲ್ಲ, ಅದು ಬೆಳ್ಳಗೇ ಇರಲಿ. ಆದರೆ ಒಂದು ತಪ್ಪು ಮಾಡಬೇಡಿ, ಗಂಡಸರಿಗೆ ಮಕ್ಕಳಿಗೆ ಬಿಳಿ ಅನ್ನ ಮಾಡಿ ಬಡಿಸಿ, ನಿಮಗೊಬ್ಬರಿಗೆ ಕೆಂಪು ಅನ್ನ ಬೇರೆ ಮಾಡಿಕೊಳ್ಳಬೇಡಿ. ಎರಡು ದಿನ ಮಾಡುತ್ತೀರಿ, ಮೂರನೇ ದಿನ ಉಳಿದ ಬಿಳಿ ಅನ್ನವೇ ನಿಮ್ಮ ತಟ್ಟೆಗೆ ಬರುತ್ತದೆ. ನಾವೆಲ್ಲ ಹಾಗೇ.

ಕೊನೆಯದಾಗಿ ನಮ್ಮ ಸಂಘಗಳಿಗೆ ಸಂಬಂಧಪಟ್ಟ ಮಾತು. ಹಸುವಿನ ಆಹಾರವನ್ನು ಸರಿಯಾದ ಅಳತೆಯಲ್ಲಿ ಮಾಡಿ, ಪರೀಕ್ಷೆ ಮಾಡಿ, ಮೂಟೆ ಕಟ್ಟಿ ಹಳ್ಳಿಗೆ ತಲುಪಿಸುವ ಶಿಸ್ತು ನಮ್ಮ ಸಹಕಾರ ವ್ಯವಸ್ಥೆಗೆ ಬಂದು ಎಷ್ಟೋ ವರ್ಷಗಳಾದವು. ಸ್ಟೆಪ್ ಯೋಜನೆಯ ಕಾಲದಿಂದ ಮಹಿಳಾ ಸಂಘಗಳು ತಮ್ಮ ಲೆಕ್ಕಪತ್ರ ತಾವೇ ನೋಡಿಕೊಳ್ಳುತ್ತಿವೆ. ಕುಣಿಗಲ್ ಕಡೆ ಭತ್ತ ಬೆಳೆಯುವ ಒಂದೆರಡು ಮಹಿಳಾ ಸಂಘಗಳು ಸೇರಿ ಉಮಿ, ತೌಡು ಬೇರೆ ಮಾಡುವ ಸಣ್ಣ ಗಿರಣಿಯೊಂದನ್ನು ಯಾಕೆ ಹಾಕಬಾರದು? ಸಿಂಗಲ್ ಪಾಲಿಶ್ ಅಕ್ಕಿ, ಅದೇ ದಿನ ಹುರಿದ ತೌಡಿನ ಪೊಟ್ಟಣ, ಗುಬ್ಬಿ ಕಡೆಯ ಸಂಘದವರ ಹುಚ್ಚೆಳ್ಳು ಚಟ್ನಿಪುಡಿ, ಇವು ಡೈರಿಯ ಕಟ್ಟಡದಲ್ಲೇ ಫೀಡ್ಸ್ ಮೂಟೆಯಿಂದ ದೂರ ಒಂದು ಕಪಾಟಿನಲ್ಲಿ ಸಿಗಲಿ, ಬಟವಾಡೆಯಲ್ಲಿ ಹಿಡಿದುಕೊಳ್ಳಲಿ. ತಾಂತ್ರಿಕ ವಿಷಯ ಕೇಳಲು ಹಿರೇಹಳ್ಳಿಯಲ್ಲಿ, ತಿಪಟೂರಿನ ಕೊನೆಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಆಹಾರ ಸಂಸ್ಕರಣೆಯ ತರಬೇತಿಗಳನ್ನು ನಡೆಸುತ್ತದೆ.

ಇದು ಒಬ್ಬಳು ಬರೆದರೆ ಆಗುವ ಕೆಲಸವಲ್ಲ, ಸಂಘದಲ್ಲಿ ಠರಾವು ಆಗಬೇಕು. ವಾರ್ಷಿಕ ಸರ್ವಸದಸ್ಯರ ಸಭೆಯ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಅದರ ವಿಷಯ ಪಟ್ಟಿಯ ಕೊನೆಯಲ್ಲಿ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು ಎಂದು ಒಂದು ಸಾಲು ಇರುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಹಾಲು ಕರೆಯುವ ಹೊತ್ತಾಯಿತೆಂದು ಎದ್ದಿರುತ್ತೇವೆ. ಈ ಸಲ ಐದು ನಿಮಿಷ ಕೂತಿದ್ದು, ಗಿರಣಿಯ ಮಾತು ಎತ್ತಿ.